ಡಸ್ಟರ್‌ನ ಹೊಟ್ಟೆಗೊಂದು ತಗಡು

ಸಂಕ್ರಾಂತಿಗೆ ಇನ್ನೆರಡು ದಿನವಿತ್ತು. ಪಾಂಡವಪುರದಿಂದ ಮೇಲುಕೋಟೆಯ ಕಡೆ ಹೋಗುವ ಟಾರು ರಸ್ತೆ ಬಿಟ್ಟು, ಚಿಕ್ಕಪ್ಪನ ಹೊಲಕ್ಕೆ ಹೊರಳುವ ಬಂಡಿ ಜಾಡಿನಲ್ಲಿ ಅರ್ಧ ಕಿಲೋಮೀಟರ್ ಹೋಗಿದ್ದೆವು. ಗಾಡಿಯ ಅಡಿಯಿಂದ ಧಡ್ ಎಂದು ಒಂದೇ ಪೆಟ್ಟು. ನನ್ನ ಅಂಗಾಲಿಗೇ ತಟ್ಟಿದ ಹಾಗಿತ್ತು. ಪಕ್ಕದಲ್ಲಿದ್ದ ಚಿಕ್ಕಪ್ಪ ‘ಆರಿಸು, ಮೊದಲು ಇಂಜಿನ್ ಆರಿಸು’ ಎಂದರು. ಹಿಂದೆ ಚಿಕ್ಕಮ್ಮ, ಇಬ್ಬರು ಮಕ್ಕಳು, ಡಿಕ್ಕಿಯಲ್ಲಿ ಎರಡು ಮೂಟೆ ಹಿಂಡಿ. ಎಲ್ಲರೂ ಇಳಿದೆವು.

ಚಿಕ್ಕಪ್ಪ ಹೇಳಿದ್ದು ಸರಿಯಾದ ಮಾತು. ಅಡಿಗೆ ಪೆಟ್ಟು ಬಿದ್ದು, ಇಂಜಿನ್ ಎಣ್ಣೆ ನಿಲ್ಲುವ ಆಯಿಲ್ ಚೇಂಬರ್ ಸೀಳಿದ್ದರೆ, ಓಡುತ್ತಿರುವ ಇಂಜಿನ್ ಎಣ್ಣೆಯನ್ನೆಲ್ಲ ಹೊರಗೆ ಸುರಿಯಲು ಹೆಚ್ಚು ಹೊತ್ತು ಬೇಕಿಲ್ಲ. ಎಣ್ಣೆಯ ಒತ್ತಡವಿಲ್ಲದೆ ಒಳಗಿನ ಬೇರಿಂಗುಗಳು ಕೆಡಲು ಅದಕ್ಕಿಂತ ಕಡಿಮೆ ಹೊತ್ತು ಸಾಕು. ಗೋಣಿಚೀಲ ಹಾಸಿ ಅಂಗಾತ ಮಲಗಿ ಮೊಬೈಲಿನ ಟಾರ್ಚ್ ಬಿಟ್ಟು ನೋಡಿದೆ. ಎಲ್ಲೂ ತೊಟ್ಟಿಕ್ಕುತ್ತಿರಲಿಲ್ಲ. ಹತ್ತು ನಿಮಿಷ ಕಾದು ಡಿಪ್‌ಸ್ಟಿಕ್ ಎಳೆದು ನೋಡಿದಾಗ ಎಣ್ಣೆಯ ಮಟ್ಟ ಇಳಿದಿರಲಿಲ್ಲ. ಆದರೆ ಇಂಜಿನ್ ಅಡಿಯ ತಗಡು ಮೇಲಕ್ಕೆ ಬಾಗಿ ಚೇಂಬರಿಗೆ ಆತು ನಿಂತಿತ್ತು. ಒಂದು ಮಾರು ಹಿಂದೆ, ಜಾಡಿನ ನಡುದಿಣ್ಣೆಯಲ್ಲಿ ಬೆಣಚು ಕಲ್ಲೊಂದು ಮೂತಿ ಹೊರಹಾಕಿತ್ತು. ಅದರ ತುದಿಯಲ್ಲಿ ತಗಡಿನ ಕಪ್ಪು ಬಣ್ಣ ಅಂಟಿತ್ತು.

ಗಾಡಿಯ ಬಗ್ಗೆ ಇಷ್ಟು ಹೇಳಿಬಿಡುತ್ತೇನೆ. ನನ್ನದು ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಡೀಸೆಲ್ ರೆನೋ ಡಸ್ಟರ್ ಕಾರು, 85 ಅಶ್ವಶಕ್ತಿಯದು, ಐದು ಗೇರು. ನಾಲ್ಕೂ ಚಕ್ರ ಎಳೆಯುವ ಡಸ್ಟರ್ 2014ರಲ್ಲಿ ಇಲ್ಲಿಗೆ ಬಂತು, ನನ್ನದು ಅದಲ್ಲ. ಟೈರ್ 215/65 ಆರ್16. ಕಾಗದದ ಮೇಲೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ, 205 ಮಿಲಿಮೀಟರ್. ಅಡಿಗೆ ಇದ್ದ ತಗಡು ಹಿಂದಿನ ಮಾಲೀಕರು ಎಲ್ಲಿಯೋ ಹಾಕಿಸಿದ್ದು. ಕೈಯಿಂದ ಒತ್ತಿದರೆ ಬಳುಕುವಷ್ಟು ತೆಳು.

ನಾನು ಹುಡುಗನಾಗಿದ್ದಾಗ ಆ ಜಾಡಿನಲ್ಲಿ ಎತ್ತಿನ ಗಾಡಿ ಓಡಾಡುತ್ತಿತ್ತು. ಈಗ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅವುಗಳ ಭಾರಕ್ಕೆ ಎರಡೂ ಕಡೆ ನೆಲ ತಗ್ಗಾಗಿ, ನಡುವೆ ದಿಣ್ಣೆ ಹಾಗೆಯೇ ಉಳಿದುಕೊಳ್ಳುತ್ತದೆ. ಟ್ರ್ಯಾಕ್ಟರಿನ ಹಿಂಚಕ್ರ ಆಳೆತ್ತರದ್ದು, ಹೊಟ್ಟೆ ಮೇಲಿರುತ್ತದೆ, ಆ ದಿಣ್ಣೆ ಅದಕ್ಕೆ ತಾಕುವುದೇ ಇಲ್ಲ. ನಮಗೆ ತಾಕುತ್ತದೆ. ಕಡ್ಡಿ ನಿಲ್ಲಿಸಿ ಅಳೆದೆ: ತಗ್ಗಿನ ತಳದಿಂದ ದಿಣ್ಣೆಯ ನೆತ್ತಿಗೆ ಏಳು ಇಂಚು, ಕಲ್ಲು ಇದ್ದಲ್ಲಿ ಒಂಬತ್ತು. ಒಂಬತ್ತು ಇಂಚೆಂದರೆ ಸುಮಾರು 229 ಮಿಲಿಮೀಟರ್. ಗಾಡಿ ಖಾಲಿಯಿದ್ದರೂ ಆ ಕಲ್ಲು ಬಡಿಯುತ್ತಿತ್ತು. ಇಳಿದು ನಾಲ್ಕು ಹೆಜ್ಜೆ ಮುಂದೆ ನಡೆದಿದ್ದರೆ ಕಾಣುತ್ತಿತ್ತು ಎಂಬುದೇ ನನ್ನನ್ನು ಚುಚ್ಚಿದ ವಿಷಯ.

ಹೊಲಕ್ಕೆ ಹೋಗದೆ, ಎಲ್ಲರನ್ನೂ ನಡೆಸಿಕೊಂಡು ಖಾಲಿ ಗಾಡಿಯನ್ನು ಹಿಮ್ಮುಖವಾಗಿ ಟಾರು ರಸ್ತೆಗೆ ತಂದೆ. ಮೈಸೂರಿನವರೆಗೂ ತಗಡು ಚೇಂಬರಿಗೆ ತಾಕಿಕೊಂಡು ಗುಂಯ್ ಎನ್ನುತ್ತಲೇ ಇತ್ತು.

ಹಬ್ಬ ಮುಗಿದ ಭಾನುವಾರ ಮನೆಯ ಮುಂದಿನ ಸಿಮೆಂಟು ಅಂಗಳದಲ್ಲಿ ಕೆಲಸಕ್ಕೆ ಕುಳಿತೆ. ಹಿಂಚಕ್ರಗಳಿಗೆ ಕಲ್ಲಿನ ಅಡ್ಡಿ ಕೊಟ್ಟು, ಜಾಕಿಯಿಂದ ಮುಂಭಾಗ ಎತ್ತಿ, ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ತಲೆಯಿಡಬಾರದು. ಸ್ಟ್ಯಾಂಡ್ ಇಲ್ಲದಿದ್ದರೆ ಆ ದಿನ ಕೆಲಸವೇ ಬೇಡ.

ತಗಡಿಗೆ ಆರು ಬೋಲ್ಟು. ಎರಡರ ತಲೆ ಕಲ್ಲಿಗೆ ಉಜ್ಜಿ ದುಂಡಗಾಗಿತ್ತು, ಸ್ಪ್ಯಾನರ್ ಕಚ್ಚಲೇ ಇಲ್ಲ. ಉಳಿಯಿಟ್ಟು ಬಡಿದು ತಿರುಗಿಸಿ ತೆಗೆಯಲು ಒಂದೂವರೆ ಗಂಟೆ ಹಿಡಿಯಿತು. ಚೇಂಬರಿನ ಮೇಲೆ ಗೀರು ಬಿದ್ದಿತ್ತು, ತಗ್ಗು ಬಿದ್ದಿರಲಿಲ್ಲ. ಅಲ್ಲಿಗೆ ಸಮಾಧಾನಪಟ್ಟುಕೊಂಡು ಏಳುವವನಿದ್ದೆ. ಎಡಗಡೆಯ ಚಕ್ರದ ಒಳಮೈ ಕಣ್ಣಿಗೆ ಬಿತ್ತು. ರಿಮ್ಮಿನ ಸುತ್ತ ಕಪ್ಪು ಗ್ರೀಸ್ ಸಿಡಿದು ಒಂದು ಪಟ್ಟಿಯ ಹಾಗೆ ಮೆತ್ತಿಕೊಂಡಿತ್ತು.

ಇದರ ಅರ್ಥ ಒಂದೇ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟಿನ ಹೊರತುದಿಯಲ್ಲಿ, ಚಕ್ರ ಹೊರಳಿದಾಗಲೂ ಬಲ ದಾಟಿಸುವ ಕೀಲಿಗೆ, ಅಂದರೆ ಸಿ.ವಿ. ಜಾಯಿಂಟಿಗೆ, ತೊಡಿಸಿರುವ ರಬ್ಬರ್ ಬೂಟು ಹರಿದಿದೆ. ಜಾಯಿಂಟಿನೊಳಗಿನ ಗುಂಡುಗಳು ಗ್ರೀಸಿನಲ್ಲೇ ಮುಳುಗಿ ತಿರುಗಬೇಕು. ಬೂಟು ಹರಿದರೆ ಗ್ರೀಸ್ ಹೊರಗೆ ಹೋಗುತ್ತದೆ, ಮಣ್ಣು ಒಳಗೆ ಬರುತ್ತದೆ. ಮೊದಲು ಏನೂ ತಿಳಿಯುವುದಿಲ್ಲ. ಕೆಲವು ವಾರಗಳ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಸದ್ದು ಶುರುವಾಗುತ್ತದೆ, ಅಷ್ಟು ಹೊತ್ತಿಗೆ ಜಾಯಿಂಟ್ ಸವೆದಿರುತ್ತದೆ. ನನ್ನದರಲ್ಲಿ ಸದ್ದು ಇನ್ನೂ ಬಂದಿರಲಿಲ್ಲ.

ಕಲ್ಲೇ ಬೂಟನ್ನೂ ಸೀಳಿತು ಎಂದುಕೊಂಡೆ. ಚಕ್ರ ಕಳಚಿ ಹತ್ತಿರದಿಂದ ನೋಡಿದಾಗ ಹಾಗಲ್ಲವೆಂದು ತಿಳಿಯಿತು. ಶಾಫ್ಟಿನ ಮೇಲೆ, ಬೂಟಿನ ಬಾಯಿಗೆ ಒತ್ತಿಕೊಂಡು, ಹಗ್ಗದ ಹುರಿಯಂತೆ ಬಿಗಿದು ಸುತ್ತಿದ ಒಂದು ಉಂಗುರವಿತ್ತು. ಬ್ಲೇಡಿನಿಂದ ಕೊಯ್ದು ಬಿಡಿಸಿದೆ. ಎರಡು ಹಿಡಿಯಷ್ಟು ಹುರುಳಿ ಬಳ್ಳಿ. ಒಳಸುತ್ತು ಉಜ್ಜಿ ಉಜ್ಜಿ ಕಂದಿ, ಸುಟ್ಟ ವಾಸನೆ ಬರುತ್ತಿತ್ತು.

ಆಗ ನೆನಪಾಯಿತು. ಹೊಲಕ್ಕೆ ಹೋಗುವ ಮುಂಚೆ ಎರಡು ಊರುಗಳ ನಡುವೆ ರಸ್ತೆಯುದ್ದಕ್ಕೂ ಹುರುಳಿ ಹರಡಿದ್ದರು. ಮಂಡ್ಯ, ಮೈಸೂರು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹುರುಳಿ, ರಾಗಿ ಕೊಯ್ದ ಮೇಲೆ ರಸ್ತೆಯಲ್ಲೇ ಒಕ್ಕಣೆ, ಓಡಾಡುವ ವಾಹನಗಳೇ ರೋಣಗಲ್ಲು. ರಾಗಿ ಹುಲ್ಲು ಜಾರುತ್ತದೆ, ಹುರುಳಿ ಬಳ್ಳಿ ಸುತ್ತಿಕೊಳ್ಳುತ್ತದೆ. ತಿರುಗುವ ಶಾಫ್ಟಿಗೆ ಒಂದು ಎಳೆ ಸಿಕ್ಕಿದರೆ ಹಿಂದಿನದನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಉಜ್ಜಾಟದ ಬಿಸಿ ಒಂದು ಕಡೆ, ಹತ್ತಿರದಲ್ಲೇ ಸೈಲೆನ್ಸರ್ ಕೊಳವೆಯ ಬಿಸಿ ಇನ್ನೊಂದು ಕಡೆ. ಹುರುಳಿ ಸೆತ್ತೆ ಸುತ್ತಿಕೊಂಡು ನಡುರಸ್ತೆಯಲ್ಲಿ ಕಾರು ಹೊತ್ತಿ ಉರಿದ ಸುದ್ದಿಯನ್ನು ನಮ್ಮ ಕಡೆಯ ಪತ್ರಿಕೆಗಳಲ್ಲಿ ಸುಗ್ಗಿಯ ಕಾಲದಲ್ಲಿ ಓದಿದ್ದೇನೆ. ಅಂಥದ್ದು ನನ್ನ ಗಾಡಿಯ ಅಡಿಯಲ್ಲೇ ಅರ್ಧ ನಡೆದಿತ್ತು, ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಒಕ್ಕುವವರ ಮೇಲೆ ನನಗೆ ಸಿಟ್ಟಿಲ್ಲ. ಊರಿಗೆ ಊರೇ ಕಣ ಮಾಡುವ ಜಾಗ ಕಳೆದುಕೊಂಡಿದೆ, ಸಗಣಿ ಸಾರಿಸಿ ಕಣ ಕಟ್ಟುವ ಆಳೂ ಸಿಗುವುದಿಲ್ಲ. ನಾನು ನಿಂತು, ಒಂದು ಪಕ್ಕಕ್ಕೆ ಸರಿಸಿಕೊಡಿ ಎಂದು ಕೇಳಬಹುದಿತ್ತು.

ಹೀಗೆ ಒಂದು ತಗಡು ಬದಲಿಸುವ ಕೆಲಸ ಎರಡಾಯಿತು. ಕಲ್ಲಿಗೆ ತಡೆಯಾಗುವ ತಗಡು ಬೇಕು, ಆದರೆ ಅದು ಸೆತ್ತೆ ತುಂಬಿಕೊಳ್ಳುವ ಬುಟ್ಟಿಯಾಗಬಾರದು. ಈ ಎರಡನೆಯದನ್ನು ಯೋಚಿಸದೆ ಬರೇ ದಪ್ಪ ತಗಡು ಬಿಗಿದಿದ್ದರೆ, ಪೆಟ್ಟಿನಿಂದ ಉಳಿದು ಬೆಂಕಿಗೆ ಸಿಕ್ಕುವ ಕೆಲಸವಾಗುತ್ತಿತ್ತು.

ಸ್ನೇಹಿತರು ಕೊಟ್ಟ ಮೊದಲ ಸಲಹೆ, ಸ್ಪ್ರಿಂಗ್ ಬದಲಿಸಿ ಗಾಡಿಯನ್ನೇ ಎತ್ತರಿಸು ಎಂಬುದು. ನಾನು ಒಪ್ಪಲಿಲ್ಲ. ಗಾಡಿ ಎತ್ತರವಾದಂತೆ ಡ್ರೈವ್ ಶಾಫ್ಟ್ ಹೆಚ್ಚು ಓರೆಯಾಗುತ್ತದೆ. ಈಗ ಹರಿದಿರುವ ಬೂಟೇ ಇನ್ನಷ್ಟು ಮಡಚಿಕೊಂಡು ಬೇಗ ಸೀಳುತ್ತದೆ. ಭಾರದ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಗಾಡಿ ವಾಲುತ್ತದೆ. ಮೇಲಾಗಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂಬುದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸು ಎಂದವರೂ ಇದ್ದರು. ಅದರ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಕಾನೂನು ಬಿಟ್ಟು ನೋಡಿದರೂ, ನಡೆದು ಹೋಗುವವರಿಗೆ ತಾಕಿದರೆ ಅದು ಕೊಡಲಿಯೇಟು. ನನಗೆ ಬೇಕಾದದ್ದು ಹೊರಗೆ ಕಾಣದ, ಹೊಟ್ಟೆಯ ಅಡಿಯ ಕವಚ ಮಾತ್ರ.

ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಕೊಯ್ದು ಅಚ್ಚು ಮಾಡಿದೆ. 700 ಮಿಲಿಮೀಟರ್ ಉದ್ದ, 600 ಅಗಲ. ಬೋಲ್ಟಿನ ತೂತುಗಳ ಜಾಗಕ್ಕೆ ಗ್ರೀಸ್ ಮುಟ್ಟಿಸಿ ರಟ್ಟನ್ನು ಒತ್ತಿದರೆ ಗುರುತು ತಾನೇ ಬೀಳುತ್ತದೆ, ಟೇಪು ಹಿಡಿದು ತಡಕಾಡಬೇಕಿಲ್ಲ. ಅಂಗಳದಲ್ಲೇ ಇನ್ನೊಂದು ಅಳತೆಯನ್ನೂ ಮಾಡಿಕೊಂಡೆ. ಗಾಡಿ ಖಾಲಿಯಿರುವಾಗಿನ ಎತ್ತರಕ್ಕೂ ನಾಲ್ವರು ಕುಳಿತು ಎರಡು ಮೂಟೆ ಹೇರಿದಾಗಿನ ಎತ್ತರಕ್ಕೂ ಇಂಜಿನ್ ಅಡಿಯಲ್ಲಿ 24 ಮಿಲಿಮೀಟರ್, ಹಿಂದಿನ ಆಕ್ಸಲಿನ ಹತ್ತಿರ 45 ಮಿಲಿಮೀಟರ್ ವ್ಯತ್ಯಾಸ ಬಂತು. ಮಾರಾಟದ ಕಾಗದದಲ್ಲಿ ಕಾಣುವ ಸಂಖ್ಯೆ ಖಾಲಿ ಗಾಡಿಯದು. ಕಲ್ಲುದಾರಿಯಲ್ಲಿ ಜನರನ್ನು ಇಳಿಸುವುದು ಎತ್ತರದ ಸ್ಪ್ರಿಂಗ್ ಹಾಕಿಸಿದ್ದಕ್ಕೆ ಸಮ, ಖರ್ಚಿಲ್ಲದೆ.

ಯಾವ ತಗಡು ಎಂಬುದಕ್ಕೆ ಎರಡು ದಿನ ಲೆಕ್ಕ ಹಾಕಿದೆ. ಐದು ಮಿಲಿಮೀಟರ್ ಅಲ್ಯೂಮಿನಿಯಂ ತಂದರೆ ಆರು ಕೆ.ಜಿ.ಯೊಳಗೆ ಮುಗಿಯುತ್ತದೆ, ತುಕ್ಕಿಲ್ಲ. ಆದರೆ ಬೆಣಚು ಕಲ್ಲು ಅದನ್ನು ಕೆರೆದು ಹಿಡಿದುಕೊಳ್ಳುತ್ತದೆ, ಹಳ್ಳಿಯ ಬೆಸುಗೆ ಅಂಗಡಿಯಲ್ಲಿ ಅದನ್ನು ಬೆಸೆಯಲೂ ಆಗುವುದಿಲ್ಲ. ಕಬ್ಬಿಣವಾದರೆ ಎಲ್ಲಿ ಬೇಕಾದರೂ ಕಾಯಿಸಿ ಬಡಿದು ನೇರ ಮಾಡಬಹುದು. ಹತ್ತು ಗೇಜಿನ ಎಂ.ಎಸ್. (ಮೈಲ್ಡ್ ಸ್ಟೀಲ್) ತಗಡು, ಅಂದರೆ ಸುಮಾರು ಮೂರೂಕಾಲು ಮಿಲಿಮೀಟರ್ ದಪ್ಪ. ಇದೇ ಅಳತೆಗೆ ಹತ್ತು ಮುಕ್ಕಾಲು ಕೆ.ಜಿ. ತೂಗುತ್ತದೆ. ನಾಲ್ಕು ಮಿಲಿಮೀಟರ್ ತೆಗೆದುಕೊಂಡರೆ ಹದಿಮೂರು ದಾಟುತ್ತದೆ, ಆ ಹೆಚ್ಚುವರಿ ಭಾರ ಮುಂದಿನ ಸ್ಪ್ರಿಂಗುಗಳ ಮೇಲೆಯೇ ಬೀಳುತ್ತದೆ. ಹತ್ತು ಗೇಜೇ ಸಾಕೆಂದು ನಿರ್ಧರಿಸಿದೆ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ತಗಡು ಕತ್ತರಿಸಿ ಬಾಗಿಸುವ ಯಂತ್ರವಿರುವ ಅಂಗಡಿ ಹುಡುಕಿ ಕತ್ತರಿಸಿಕೊಂಡೆ. ಬೆಸುಗೆಗೆ ಮಾತ್ರ ಪಾಂಡವಪುರದ ಕಡೆಯ, ಟ್ರೇಲರ್ ಕೊಕ್ಕೆ, ಕುಂಟೆ, ನೇಗಿಲು ಮಾಡುವ ಅಂಗಡಿಗೇ ಹೋದೆ. ಕಲ್ಲಿಗೂ ಕಬ್ಬಿಣಕ್ಕೂ ಏನಾಗುತ್ತದೆಂದು ಪ್ರತಿದಿನ ನೋಡುವವರು ಅವರು. ಯಜಮಾನರಿಗೆ ಅರವತ್ತು ದಾಟಿದೆ. ನನ್ನ ರಟ್ಟಿನ ಅಚ್ಚನ್ನು ತಿರುವಿ ಮರುವಿ ನೋಡಿ, ಗೋಡೆಗೆ ಒರಗಿಸಿದ್ದ ನೇಗಿಲನ್ನು ತೋರಿಸಿದರು.

‘ಈ ಗುಳ ನೋಡಪ್ಪ. ಮೂತಿ ಕೆಳಕ್ಕೆ ಬಾಗಿದೆ, ಅದಕ್ಕೇ ನೆಲಕ್ಕೆ ಇಳಿಯುತ್ತದೆ. ನಿನ್ನ ತಗಡಿನ ಮುಂದಂಚು ನೇರ ಇಟ್ಟಿದ್ದೀಯೆ. ಗಾಡಿ ಮುಗ್ಗರಿಸಿದಾಗ ಇದೂ ಗುಳವೇ ಆಗುತ್ತದೆ. ಮೂತಿ ಮೇಲಕ್ಕೆತ್ತು.’

‘ಎಷ್ಟು ಎತ್ತಲಿ ಯಜಮಾನರೇ?’

‘ಕಲ್ಲು ಬಂದು ತಾಕಿದರೆ ಗಾಡಿ ಅದರ ಮೇಲೆ ಹತ್ತಬೇಕು, ಕಲ್ಲಿಗೆ ಗುದ್ದಬಾರದು. ದೋಣಿಯ ಮೂತಿಯಷ್ಟು.’

ಮುಂದಿನ 120 ಮಿಲಿಮೀಟರನ್ನು ಮೂವತ್ತು ಡಿಗ್ರಿ ಮೇಲಕ್ಕೆ ಬಾಗಿಸಿದೆವು. ಎರಡೂ ಪಕ್ಕದ ಅಂಚನ್ನು ಬೆರಳಗಲ ಮಡಿಸಿದ್ದರಿಂದ ತಗಡು ಬಳುಕುವುದು ನಿಂತಿತು. ಉದ್ದಕ್ಕೆ ಎರಡು ಪಟ್ಟಿಗಳನ್ನು ಒಳಮೈಗೆ ಬೆಸೆದು ಬೆನ್ನೆಲುಬು ಕೊಟ್ಟೆವು. ಚೇಂಬರಿಗೂ ತಗಡಿಗೂ ನಡುವೆ 25 ಮಿಲಿಮೀಟರ್ ಬಿಟ್ಟಿದ್ದೇನೆ. ಇದು ಮುಖ್ಯ. ತಗಡು ಪೆಟ್ಟಿಗೆ ಬಾಗುವುದು ತಪ್ಪಲ್ಲ, ಬಾಗಿದಾಗ ಚೇಂಬರನ್ನು ಮುಟ್ಟಬಾರದು. ಹಳೆಯದರಲ್ಲಿ ಒಂದು ಬೆರಳೂ ತೂರುತ್ತಿರಲಿಲ್ಲ.

ಗಾಡಿಯ ಮೈಗೆ ಎಲ್ಲಿಯೂ ಬೆಸುಗೆ ಮುಟ್ಟಿಸಲಿಲ್ಲ. ಮುಂದಿನ ಸಬ್‌ಫ್ರೇಮಿನಲ್ಲಿ (ಇಂಜಿನ್ ಅಡಿಯ ಚೌಕಟ್ಟಿನಲ್ಲಿ) ಇದ್ದ ಬೋಲ್ಟಿನ ಜಾಗಗಳನ್ನೇ ಬಳಸಿದೆ, ಬಂಪರಿಗೂ ತಗಡಿಗೂ ಸಂಬಂಧವಿಲ್ಲ. ದುಂಡಗಾದ ಬೋಲ್ಟುಗಳಿಂದ ಕಲಿತ ಪಾಠಕ್ಕೆ ಯಜಮಾನರೇ ಉಪಾಯ ಹೇಳಿದರು. ಪ್ರತಿ ಬೋಲ್ಟಿನ ಸುತ್ತ, ಅದರ ತಲೆಗಿಂತ ಎರಡು ಮಿಲಿಮೀಟರ್ ಎತ್ತರದ ಕಬ್ಬಿಣದ ಬಳೆಯೊಂದನ್ನು ಬೆಸೆಯುವುದು. ಕಲ್ಲು ಬಳೆಯನ್ನು ಉಜ್ಜಿಕೊಂಡು ಹೋಗುತ್ತದೆ, ಬೋಲ್ಟಿನ ತಲೆ ಒಳಗೆ ಭದ್ರ. ಹಳೆಯ ಪೈಪನ್ನು ಚಕ್ಕೆ ಚಕ್ಕೆಯಾಗಿ ಕೊಯ್ದು ಆರು ಬಳೆ ಮಾಡಿಕೊಟ್ಟರು. ಬೋಲ್ಟುಗಳು ಎಂ8, ಅಂದರೆ ಎಂಟು ಮಿಲಿಮೀಟರ್ ದಪ್ಪ, ಗಟ್ಟಿತನದಲ್ಲಿ 8.8 ದರ್ಜೆಯವು. ಎಳೆಗಳಿಗೆ ತುಕ್ಕು ಹಿಡಿಯದ ತಾಮ್ರದ ಗ್ರೀಸ್ ಸವರಿದೆ.

ಇನ್ನು ಸೆತ್ತೆಯ ವಿಷಯ. ತಗಡಿನ ಮುಂದಂಚಿಗೂ ಬಂಪರಿಗೂ ನಡುವೆ ಹೆಬ್ಬೆರಳಗಲದ ಸಂದು ಉಳಿದಿತ್ತು. ಕಬ್ಬಿನ ಸೋಗೆ, ಹುರುಳಿ ಬಳ್ಳಿ ಒಳನುಗ್ಗುವುದೇ ಅಲ್ಲಿಂದ. ಗುಜರಿ ಅಂಗಡಿಯಲ್ಲಿ ಕನ್ವೇಯರ್ ಬೆಲ್ಟಿನ ತುಂಡೊಂದು ಸಿಕ್ಕಿತು. ಒಳಗೆ ಬಟ್ಟೆಯ ಪದರವಿರುವ ಗಟ್ಟಿ ರಬ್ಬರು. ಅದನ್ನು ಪಟ್ಟಿಯಾಗಿ ಕೊಯ್ದು ಸಂದಿಗೆ ಮುಚ್ಚಳ ಮಾಡಿದೆ. ಕಲ್ಲು ತಾಕಿದರೆ ಮಡಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಬಿಸಿ ಹೊರಹೋಗಲು ತಗಡಿನಲ್ಲಿ ಆರು ಉದ್ದ ಸೀಳುಗಳು, ಗಾಡಿ ಸಾಗುವ ದಿಕ್ಕಿಗೇ, ಅಡ್ಡಕ್ಕಲ್ಲ. ಅಡ್ಡ ಸೀಳು ಕಲ್ಲಿನ ಮೂತಿಯನ್ನು ಕಚ್ಚುತ್ತದೆ. ಹಿಂದಂಚನ್ನು ಪೂರ್ತಿ ತೆರೆದಿಟ್ಟೆ. ಒಳಗೆ ಬಿದ್ದದ್ದು ಹಿಂದಿನಿಂದ ಜಾರಿ ಹೋಗಬೇಕು, ನನ್ನ ಕೈಯೂ ಅಲ್ಲಿಂದ ಒಳಗೆ ಹೋಗಬೇಕು. ಎಣ್ಣೆ ಬದಲಿಸುವ ಬಿರಡೆಯ ನೇರಕ್ಕೆ ಒಂದು ದುಂಡು ಕಿಂಡಿ. ರೆಡ್ ಆಕ್ಸೈಡ್ ಎರಡು ಕೋಟು, ಮೇಲೆ ಕಪ್ಪು ಎನಾಮಲ್. ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು.

ಬೂಟು ಬದಲಿಸುವ ಕೆಲಸವನ್ನು ಮೈಸೂರಿನಲ್ಲಿ ಪರಿಚಯದ ಮೇಸ್ತ್ರಿಯೊಬ್ಬರ ಗ್ಯಾರೇಜಿನಲ್ಲಿ, ಅವರ ಪಕ್ಕದಲ್ಲೇ ನಿಂತು ಮಾಡಿದೆ. ಚಕ್ರದ ನಡುವಿನ ಹಬ್ಬಿನ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಗಾಡಿ ಎತ್ತಿದ ಮೇಲೆ ಅದು ಚಕ್ರದ ಜೊತೆಗೇ ತಿರುಗುತ್ತದೆ. ಕೆಳತೋಳಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊರಕ್ಕೆ ಎಳೆದು, ಶಾಫ್ಟನ್ನು ಗೇರ್‌ಬಾಕ್ಸಿನಿಂದ ಕಳಚಬೇಕು. ಆಗ ಗೇರ್ ಎಣ್ಣೆ ಸುರಿಯುತ್ತದೆ, ಕೆಳಗೆ ಬೋಗುಣಿ ಇಟ್ಟಿರಬೇಕು, ಕೊನೆಯಲ್ಲಿ ಮಟ್ಟ ನೋಡಿ ತುಂಬಬೇಕು. ಜಾಯಿಂಟನ್ನು ಡೀಸೆಲಿನಲ್ಲಿ ತೊಳೆದು, ಒಣಗಿಸಿ, ಒಂದೊಂದೇ ಗುಂಡನ್ನು ಬೆಳಕಿಗೆ ಹಿಡಿದು ನೋಡಿದೆವು. ಗುಳಿ ಬಿದ್ದಿರಲಿಲ್ಲ. ಬಿದ್ದಿದ್ದರೆ ಬೂಟು ಹಾಕಿ ಪ್ರಯೋಜನವಿಲ್ಲ, ಜಾಯಿಂಟೇ ಹೋಗಬೇಕು. ಮಾಲಿಬ್ಡಿನಂ ಗ್ರೀಸ್ ತುಂಬಿ, ಹೊಸ ಬೂಟು ತೊಡಿಸಿ, ಕ್ಲಾಂಪ್ ಬಿಗಿಯುವ ಮುಂಚೆ ಮೇಸ್ತ್ರಿ ಬೂಟಿನ ಸಣ್ಣ ಬಾಯೊಳಗೆ ಸ್ಕ್ರೂ ಡ್ರೈವರ್ ತೂರಿಸಿ ಒಳಗಿನ ಗಾಳಿಯನ್ನು ಬಿಟ್ಟರು. ಗಾಳಿ ಉಳಿದರೆ ಬಿಸಿಗೆ ಬೂಟು ಉಬ್ಬಿ ಮಡಿಕೆಗಳು ಒಂದಕ್ಕೊಂದು ಉಜ್ಜುತ್ತವೆಯಂತೆ. ಹಬ್ಬಿಗೆ ಹೊಸ ನಟ್ಟು, ಟಾರ್ಕ್ ರೆಂಚಿನಿಂದಲೇ ಬಿಗಿತ.

ಟೈರುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಳತೆ ಬದಲಿಸಲಿಲ್ಲ, ಅದೇ ಅಳತೆಯ ಆಲ್ ಟೆರೇನ್ ಟೈರ್ ಹಾಕಿಸಿದೆ. (ಟೈರ್ ಅಂಗಡಿಗೆ ಹೋದಾಗಲೆಲ್ಲ ಅಪ್ಪ ವಿಕ್ರಾಂತ್ ಕೇಳುತ್ತಾರೆ. ಮೈಸೂರಿನ ಆ ಕಾರ್ಖಾನೆ 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋಗಿ ಎಷ್ಟೋ ವರ್ಷವಾದರೂ ಅವರ ಬಾಯಲ್ಲಿ ಹೆಸರು ಬದಲಾಗಿಲ್ಲ.) ಟಾರು ರಸ್ತೆಯಲ್ಲಿ 33 ಪಿಎಸ್‌ಐ ಇಡುತ್ತೇನೆ, ಕಲ್ಲುಜಾಡಿಗೆ ಇಳಿಯುವ ಮುಂಚೆ 24ಕ್ಕೆ ಇಳಿಸುತ್ತೇನೆ. ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಂಡು ಕಲ್ಲನ್ನು ಅಪ್ಪುತ್ತದೆ, ಗಾಡಿ ಕುಪ್ಪಳಿಸುವುದು ಕಡಿಮೆಯಾಗುತ್ತದೆ. ಆದರೆ ಗಾಳಿ ಇಳಿದಾಗ ಟೈರಿನ ಪಕ್ಕೆ ಹೊರಕ್ಕೆ ಉಬ್ಬುತ್ತದೆ. ಪಕ್ಕೆಗೆ ಕಲ್ಲಿನ ಅಂಚು ತಾಕಿ ಸೀಳಿದರೆ ಪಂಚರ್ ಹಾಕಲು ಬರುವುದಿಲ್ಲ, ಟೈರೇ ಹೋಯಿತು. ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದರೆ ಮಾತ್ರ ಪಂಚರ್ ಕಿಟ್ಟಿನಿಂದ ಅಲ್ಲೇ ಮುಚ್ಚಬಹುದು. ಟಾರು ರಸ್ತೆಗೆ ಮರಳುವ ಮುಂಚೆ ಸಣ್ಣ ಕಂಪ್ರೆಸರಿನಿಂದ ಮತ್ತೆ 33. ಗಾಳಿ ಕಡಿಮೆಯಿಟ್ಟು ವೇಗವಾಗಿ ಓಡಿಸಿದರೆ ಟೈರು ಕಾದು ಸಿಡಿಯಬಹುದು.

ಫೆಬ್ರವರಿಯ ಒಂದು ಶನಿವಾರ ಬೆಳಗ್ಗೆ ಅದೇ ಜಾಡಿಗೆ ಹೋದೆವು. ಈ ಸಲ ಗಾಡಿಯಲ್ಲಿ ನಾನೊಬ್ಬನೇ. ಹೊರಡುವ ಮುಂಚೆ ತಗಡಿನ ಕೆಳಮೈಗೆ ಸುಣ್ಣ ಬಳಿದೆ. ಎಲ್ಲಿ ಉಜ್ಜುತ್ತದೋ ಅಲ್ಲಿ ಸುಣ್ಣ ಹೋಗಿರುತ್ತದೆ, ಊಹೆಗೆ ಕೆಲಸವಿಲ್ಲ. ಚಿಕ್ಕಪ್ಪ ಮುಂದೆ ಹಿಂದುಹಿಂದಕ್ಕೆ ನಡೆಯುತ್ತ ಕೈಸನ್ನೆ ಮಾಡಿದರು. ಎತ್ತುಗಳನ್ನು ಹಾಯಿಸಿದ ಕೈ ಅದು. ಚಕ್ರ ಎಲ್ಲಿ ಬೀಳುತ್ತದೆಂದು ಗಾಡಿಯೊಳಗಿನ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಚಕ್ರವನ್ನು ತಗ್ಗಿಗೆ ಇಳಿಸಲೇಬಾರದು ಎಂದರು. ಒಂದು ಕಡೆಯ ಚಕ್ರ ನಡುದಿಣ್ಣೆಯ ಮೇಲೆ, ಇನ್ನೊಂದು ಕಡೆಯದು ಜಾಡಿನ ಹೊರ ಅಂಚಿನ ಮೇಲೆ. ಆಗ ತಗ್ಗು ಹೊಟ್ಟೆಯ ಕೆಳಗೆ ಬರುತ್ತದೆ, ದಿಣ್ಣೆಯಲ್ಲ. ಮೊದಲ ಗೇರು, ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಡೀಸೆಲ್ ಇಂಜಿನ್ನಿನ ತೆವಳುವ ನಡಿಗೆಯಲ್ಲೇ ಸಾಗಿದೆ. ಮುನ್ನೂರು ಮೀಟರಿಗೆ ಹದಿನೈದು ನಿಮಿಷ.

ಒಂದು ಜಾಗದಲ್ಲಿ ಬಲಗಡೆಯ ಮುಂಚಕ್ರ ಗಾಳಿಯಲ್ಲಿ ನಿಂತಿತು. ಎರಡು ಚಕ್ರಗಳಿಗೆ ಬಲ ಹಂಚುವ ಗೇರು ಜೋಡಣೆಗೆ ಡಿಫರೆನ್ಷಿಯಲ್ ಎನ್ನುತ್ತಾರೆ, ನನ್ನ ಗಾಡಿಯದು ‘ಓಪನ್’ ಬಗೆಯದು. ಎರಡೂ ಚಕ್ರಕ್ಕೆ ಸಮವಾಗಿಯೇ ಬಲ ಹಂಚುತ್ತದೆ. ಗಾಳಿಯಲ್ಲಿರುವ ಚಕ್ರ ತಿರುಗಲು ಬಲವೇ ಬೇಡವಾದ್ದರಿಂದ ನೆಲದ ಮೇಲಿರುವುದಕ್ಕೂ ಏನೂ ಸಿಗುವುದಿಲ್ಲ. ಅಲ್ಲಿ ಆಕ್ಸಿಲರೇಟರ್ ಒತ್ತಿದರೆ ಶಾಫ್ಟಿಗೆ ಹಾನಿ, ಮುಂದಕ್ಕೆ ಒಂದು ಗೇಣೂ ಹೋಗುವುದಿಲ್ಲ. ಹಿಂದಕ್ಕೆ ಬಿಟ್ಟು, ತಗ್ಗಿಗೆ ಎರಡು ಚಪ್ಪಡಿ ತುಂಬಿ ದಾಟಿದೆ.

ಕೊನೆಯ ಏರು ಸಡಿಲ ಗರಸಿನದು. ಮೂರು ಸಲ ಪ್ರಯತ್ನಿಸಿದೆ, ಮುಂಚಕ್ರಗಳು ಜಾರಿ ನಿಂತವು. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಎಳೆಯಬೇಕಾದ ಮುಂಚಕ್ರ ಹಗುರವಾಗುತ್ತದೆ. ಗಾಡಿ ತಿರುಗಿಸಿ ಹಿಮ್ಮುಖವಾಗಿ ಹತ್ತಿಸಿದೆ. ಆಗ ಎಳೆಯುವ ಚಕ್ರಗಳೇ ಇಳಿಜಾರಿನ ಕೆಳಗಿದ್ದು ಭಾರವನ್ನು ಹೊರುತ್ತವೆ, ಒಂದೇ ಸಲಕ್ಕೆ ಏರಿತು. ಇಪ್ಪತ್ತು ಮೀಟರಿನ ಏರಿಗೆ, ಹಿಂದೆ ದಾರಿ ತೋರುವವರಿದ್ದಾಗ ಮಾತ್ರ ಇದನ್ನು ಮಾಡಬಹುದು. ಉದ್ದದ ಬೆಟ್ಟಕ್ಕಲ್ಲ.

ಸಿಕ್ಕಿಹಾಕಿಕೊಂಡಿದ್ದರೆ ಟ್ರ್ಯಾಕ್ಟರ್ ಕರೆಸಬೇಕಿತ್ತು. ಅದಕ್ಕೂ ಒಂದು ಮಾತು. ಬಂಪರಿನಲ್ಲಿ ತಿರುಪಿ ಹಾಕುವ ಕೊಕ್ಕೆ ನೇರವಾಗಿ, ನಿಧಾನವಾಗಿ ಎಳೆಯಲು ಮಾಡಿದ್ದು, ಜಗ್ಗುವುದಕ್ಕಲ್ಲ. ಚೈನನ್ನು ಸಸ್ಪೆನ್ಷನ್ ತೋಳಿಗೆ ಕಟ್ಟಲು ಯಾರು ಬಂದರೂ ಬೇಡ ಎನ್ನಬೇಕು. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ, ಅದು ತುಂಡಾದಾಗ ಚಾಟಿಯಂತೆ ಹಾರುವುದು ತಗ್ಗುತ್ತದೆ. ಮಕ್ಕಳನ್ನು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಬೇಕು.

ಗಾಡಿ ಗಟ್ಟಿಯಾಗಿದೆ ಎಂದು ನಾನು ಹೋಗದ ದಾರಿಗಳೂ ಇವೆ. ಮೇಲುಕೋಟೆಯ ಸುತ್ತಲಿನ ಕಾಡು ತೋಳಗಳಿಗಾಗಿ 1974ರಲ್ಲಿ ವನ್ಯಜೀವಿ ಧಾಮವಾಯಿತು, ಅಲ್ಲಿ ಚಕ್ರಕ್ಕೆ ಕೆಲಸವಿಲ್ಲ. ಕೆರೆಗಳ ಅಂಗಳ ಬೇಸಿಗೆಯಲ್ಲಿ ಒಣಗಿ ಬಿರಿದಂತೆ ಕಂಡರೂ ಹೊರಪದರದ ಕೆಳಗೆ ಕೆಸರು ಇರುತ್ತದೆ. ನಾಲೆಯ ಏರಿಗಳ ಮೇಲಂತೂ ನಾನು ಗಾಡಿ ಓಡಿಸುವುದಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ಸತ್ತರು. ಆ ದಿನ ಊರಿನಲ್ಲಿ ಒಲೆ ಹಚ್ಚಲಿಲ್ಲ. ಆ ನೀರಿನ ಪಕ್ಕ ಚಕ್ರ ಜಾರುವ ಅನುಭವ ಪಡೆಯಲು ನನಗೆ ಮನಸ್ಸಿಲ್ಲ.

ಹೊಲದ ಬದುವಿನ ಹತ್ತಿರ ಗಾಡಿ ನಿಲ್ಲಿಸಿ ಅಡಿಗೆ ಇಣುಕಿದೆ. ಸುಣ್ಣ ಮೂರು ಕಡೆ ಹೋಗಿತ್ತು. ಬಾಗಿಸಿದ ಮೂತಿಯ ಮೇಲೆ ಎರಡು ಉದ್ದ ಗೀರು, ಎಡಗಡೆಯ ಹಿಂದಿನ ಬಳೆಯ ಮೇಲೆ ಒಂದು ಹೊಳೆಯುವ ಉಜ್ಜು. ಬಳೆಯೊಳಗಿನ ಬೋಲ್ಟಿನ ತಲೆಗೆ ಬಳಿದ ಸುಣ್ಣ ಹಾಗೆಯೇ ಇತ್ತು. ಚೇಂಬರಿನ ಸಂದಿಗೆ ಬೆರಳು ತೂರಿಸಿದೆ, ಎರಡು ಬೆರಳು ಆರಾಮವಾಗಿ ಹೋಯಿತು.

ಆಮೇಲೆ ಹಿಂದಂಚಿನಿಂದ ಕೈ ಹಾಕಿ ತಡಕಿದೆ. ತಗಡಿನ ಮೇಲೆ ಒಂದು ಹಿಡಿ ಸೋಗೆ. ಎಡಗಡೆಯ ಶಾಫ್ಟಿನ ಮೇಲೆ, ಹೊಸ ಬೂಟಿಗೆ ನಾಲ್ಕು ಬೆರಳು ಈಚೆ, ಎರಡೇ ಸುತ್ತು ಬಳ್ಳಿ, ಇನ್ನೂ ಸಡಿಲವಾಗಿತ್ತು. ಎಳೆದ ಕೂಡಲೇ ಬಂತು. ಚಿಕ್ಕಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿ, ‘ಇದರಲ್ಲಿ ಇನ್ನೂ ಕಾಯಿ ಇದೆ’ ಎಂದು ನಾಲ್ಕು ಹುರುಳಿ ಕಾಳು ಬಿಡಿಸಿ ಜೇಬಿಗೆ ಹಾಕಿಕೊಂಡರು.